ಬೀಟೆ ಕುರ್ಚಿಗಾಗಿ ಪೋಕರ್ ಕಲಿತದ್ದು

ಕರಾರು ಇಷ್ಟು: ನನ್ನ ಕಡೆಯಿಂದ ಒಂದು ಮೂಟೆ ಬೀಜ ಬಿಡಿಸಿದ ಹುಣಸೆಹಣ್ಣು, ಗಾರ್ಡ್ ಸಾಹೇಬರ ಕಡೆಯಿಂದ ಅವರು ಕೂರುವ ಬೀಟೆಮರದ ಕೈಕುರ್ಚಿ. ಮುಂದಿನ ದಸರೆಯೊಳಗೆ ಒಂದೇ ಭಾನುವಾರ ಕೂತು ಅವರನ್ನು ಪೋಕರಿನಲ್ಲಿ ಪೂರ್ತಿ ಬರಿಗೈ ಮಾಡಿದರೆ ಕುರ್ಚಿ ನನ್ನದು. ಇಲ್ಲವಾದರೆ ಮೂಟೆ ಅವರದು. ನಯಾಪೈಸೆ ಬಂದ ಹೊಸದರ ಮಾತು. ಮಂಡಿ ಮೊಹಲ್ಲಾದಲ್ಲಿ ಹುಣಸೆಹಣ್ಣಿನ ಸಗಟು ವ್ಯಾಪಾರ ಮಾಡುವವನಿಗೆ ವಾರಕ್ಕೊಂದು ನಗುವ ಪ್ರಸಂಗ ಹೇಗೂ ತಪ್ಪದು. ಐವತ್ತರ ಹತ್ತಿರ ಇಸ್ಪೀಟು ಕಲಿಯಲು ಹೊರಟರೆ ಎರಡು.

ಗಾರ್ಡ್ ಸಾಹೇಬರು ರೈಲ್ವೆಯಿಂದ ನಿವೃತ್ತರಾಗಿ ಒಂಟಿಕೊಪ್ಪಲಿನಲ್ಲಿದ್ದರು. ಭಾನುವಾರ ಚರ್ಚಿನಿಂದ ಬಂದು ಊಟ ಮುಗಿಸಿದರೆ ಅವರ ಜಗಲಿಯಲ್ಲಿ ಆಟ. ಅವರು, ನಾನು, ಒಬ್ಬ ಲೆಕ್ಕದ ಮೇಷ್ಟ್ರು. ಐದು ಎಲೆ ಹಾಕುತ್ತಾರೆ, ಬೇಡದ್ದನ್ನು ಬದಲಿಸಬಹುದು, ಆಮೇಲೆ ಪಣ. ಕೆಟ್ಟ ಎಲೆ ಹಿಡಿದೂ ಧೈರ್ಯವಾಗಿ ಪಣ ಏರಿಸಿ ಎದುರಿನವರನ್ನು ಓಡಿಸಬಹುದು. ಇದು ಥೇಟ್ ನಮ್ಮ ಮಂಡಿ ಅಂದುಕೊಂಡೆ. ಮೂವತ್ತು ವರ್ಷದಲ್ಲಿ ಒಬ್ಬನೂ ನನಗೆ ಟೋಪಿ ಹಾಕಿಲ್ಲ, ಈ ರಿಟೈರ್ಡ್ ಗಾರ್ಡು ಹಾಕಿಯಾರೇ?

೧. ಕಳ್ಳ ಬೀಜ

ದುಡ್ಡಿಟ್ಟು ಆಡಿದರೆ ಕಾಫಿ ಇಲ್ಲ ಎಂದು ಸಾಹೇಬರ ಮನೆಯಾಕೆ ಹೇಳಿದ್ದರು. ಹಾಗಾಗಿ ಪಣಕ್ಕೆ ಹುಣಸೆ ಬೀಜ, ತಲೆಗೆ ನೂರು. ಮೊದಲನೆಯ ಭಾನುವಾರವೇ ನನ್ನದೆಲ್ಲ ಹೋಯಿತು. ಸಾಹೇಬರು ಒಟ್ಟು ಬೀಜ ಎಣಿಸಿ ನನ್ನ ಮುಖ ನೋಡಿದರು.

"ಸಾಹುಕಾರ್ರೇ, ನಾನು ಹಂಚಿದ್ದು ಮುನ್ನೂರು. ಇಲ್ಲಿ ಮುನ್ನೂರ ಇಪ್ಪತ್ತಾರಿದೆಯಲ್ಲ."

ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಬೀಜ ಇದ್ದೇ ಇರುತ್ತದೆ. ಯೋಚನೆ ಹತ್ತಿದರೆ ಕೈ ಜೇಬಿಗೆ ಹೋಗುವುದು ಅಭ್ಯಾಸ. ಹೊರಗೆ ಬರುವಾಗ ಪ್ರತಿ ಸಲವೂ ನಾಲ್ಕಾರು ಬೀಜ ಹಿಡಿದೇ ಬಂದಿದೆ. ಎಷ್ಟು ಹೇಳಿದರೂ ಸಾಹೇಬರು ನಂಬಲಿಲ್ಲ. ಕೊನೆಗೆ ಮೇಷ್ಟ್ರೇ ಅಡ್ಡ ಬಂದರು. "ಬುಡಿ ಸಾರ್. ಕಳ್ಳ ಬೀಜ ತಂದೂ ಸೋತಿದಾರೆ. ಅದಕ್ಕಿಂತ ಶಿಕ್ಷೆ ಏನಿದೆ?"

ಮುಂದಿನ ವಾರದಿಂದ ಬೀಜಕ್ಕೆಲ್ಲ ಕೆಂಪು ಮಸಿ ಬಂತು.

೨. ಅದೂ ಬರೆದೈತಾ?

ಪೋಕರಿನವರು ಕೈಗೆ ಬಂದ ಐದು ಎಲೆಯನ್ನು 'ಕೈ' ಅನ್ನುತ್ತಾರೆ. ಒಂದು ದಿನ ಅಂಗಡಿಗೆ ಬುತ್ತಿ ತಂದ ಮನೆಯವಳಿಗೆ ಹೇಳಿದೆ: "ಇನ್ಮೇಲೆ ಕೈ ನೋಡೋದನ್ನ ಆಳವಾಗಿ ಕಲೀತೀನಿ ಕಣೇ. ಮೇಲೆ ಮೇಲೆ ನೋಡಿದ್ರೆ ಸಾಲದು. ಸರಿಯಾಗಿ ನೋಡಿದ್ರೆ ಹಿಂದೆ ಆಗಿದ್ದು, ಮುಂದೆ ಆಗೋದು ಎಲ್ಲಾ ಹೇಳಬಹುದು."

ಮಾತು ಮಂಡಿಯಲ್ಲಿ ಹಬ್ಬಿತು. ಮೂರನೆಯ ದಿನ ನಮಗೆ ಹಣ್ಣು ತಂದುಹಾಕುವ ಹಳ್ಳಿಯ ಗೌಡರು ಬಂದು ಅಂಗೈ ಚಾಚಿದರು.

"ಸಾವ್ಕಾರ್ರೇ, ಕೈ ನೋಡ್ತೀರಂತೆ. ನಮ್ಮುಡ್ಗಿಗೆ ಈ ವರ್ಸ ಕಂಕಣ ಕೂಡಿ ಬತ್ತದಾ ನೋಡಿ."

"ಅಲ್ಲ ಗೌಡ್ರೇ, ನಾನು ನೋಡೋದು ಇಸ್ಪೀಟಿನ ಕೈ."

"ಎಲೆ ಮ್ಯಾಲೆ ನೋಡೋರಿಗೆ ಅಂಗೈ ಮ್ಯಾಲೆ ಕಾಣಾಕಿಲ್ವಾ?"

ಹಿಡಿದ ಪಟ್ಟು ಬಿಡಲಿಲ್ಲ. ನಾನೂ ಗಂಭೀರವಾಗಿ ಕೈ ಹಿಡಿದು, ರೇಖೆಯ ಮೇಲೆ ಬೆರಳಾಡಿಸಿ ಅಂದೆ: "ಮದುವೆ ಕಾಣ್ತಿಲ್ಲ. ಆದರೆ ಹೋದ ವಾರದ ಮಾಲಿಗೆ ನೀರು ಚಿಮುಕಿಸಿ ತೂಕ ಏರಿಸಿದ್ದು ಕಾಣ್ತಿದೆ."

ಗೌಡರು ಸರಕ್ಕನೆ ಕೈ ಎಳೆದುಕೊಂಡರು. "ಅದೂ ಬರೆದೈತಾ?"

೩. ಬಸ್ಸಾರು ಹೇಳಿಕೊಟ್ಟ ಪಾಠ

ಒಂದು ನೋಟ್‌ಬುಕ್ ಇಟ್ಟೆ. ಯಾರು ಎಷ್ಟು ಎಲೆ ಬದಲಿಸಿದರು, ಎಲ್ಲಿ ಪಣ ಏರಿಸಿದರು, ಯಾವ ಎಲೆ ಕಣ್ಣಿಗೇ ಬೀಳಲಿಲ್ಲ, ಎಲ್ಲ ಬರೆಯುತ್ತಾ ಬಂದೆ. ಗೆದ್ದ ಕೈಯನ್ನೂ ಬಿಡದೆ ವಿಚಾರಣೆ ಮಾಡಿದೆ. ಎರಡು ಸಂಗತಿ ಹೊರಬಿದ್ದವು.

ಒಂದು, ಕಳಾವರ್ ಎಕ್ಕ ತಿಂಗಳುಗಟ್ಟಲೆ ಹೊರಗೇ ಬಂದಿಲ್ಲ. ಅಡಿಗೆರೆ ಎಳೆದು ಬರೆದೆ: "ಎಕ್ಕ ಗಾರ್ಡ್ ಸಾಹೇಬರ ಹತ್ತಿರವೇ ಇದೆ. ಜಾಗ್ರತೆ." ಮೇಷ್ಟ್ರಿಗೆ ತೋರಿಸಿದರೆ ಐವತ್ತೆರಡರಿಂದ ಅದೇನೋ ಭಾಗಿಸಿ, "ಪ್ರತಿ ಸಲ ಅವರಿಗೇ ಬರೋದು ಲೆಕ್ಕಕ್ಕೆ ಒಗ್ಗಲ್ಲ ಕಣ್ರೀ" ಅಂದರು. ಲೆಕ್ಕಕ್ಕೆ ಒಗ್ಗದ್ದು ಮಂಡಿಯಲ್ಲಿ ದಿನಾ ನಡೆಯುತ್ತದೆ ಅಂದೆ.

ಎರಡು, ನನಗೆ ಒಳ್ಳೆಯ ಎಲೆ ಬಂದಾಗಲೆಲ್ಲ ಸಾಹೇಬರು ಆಟ ಬಿಟ್ಟು ಹೋಗಿದ್ದಾರೆ. ನಾನು ಸುಳ್ಳುಪಣ ಹೂಡಿದಾಗಲೆಲ್ಲ ಕೊನೆಯವರೆಗೆ ನಿಂತಿದ್ದಾರೆ. ಯಾಕೆ? ಎಂಟು ದಿನ ತಲೆ ಕೆರೆದುಕೊಂಡೆ.

ಉತ್ತರ ಕೊಟ್ಟವಳು ಮನೆಯವಳು. "ಏನೂಂದ್ರೆ, ಇವತ್ತು ಹುರುಳಿ ಬಸ್ಸಾರು" ಅಂದವಳು ನಗತೊಡಗಿದಳು. "ಮುಖ ನೋಡಿದ್ರೆ ದೇವರ ವಿಗ್ರಹ. ತೊಡೆ ಮೇಲಿನ ಟವಲ್ಲು ನೋಡಿ, ಹೆಂಗೆ ಕುಣೀತಿದೆ."

ನಮ್ಮಲ್ಲಿ ಕೊಳ್ಳುವವನೂ ಮಾರುವವನೂ ಟವಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು. ವ್ಯಾಪಾರ ಗಿಟ್ಟುವ ವಾಸನೆ ಬಂದರೆ ನನ್ನ ಬೆರಳು ತಾನಾಗಿ ಆಡುತ್ತದೆ. ಮೂರು ರಾಜ ಬಂದರೂ ಅಷ್ಟೇ, ಬಸ್ಸಾರಾದರೂ ಅಷ್ಟೇ. ಸಾಹೇಬರ ಜಗಲಿಯಲ್ಲೂ ಟವಲ್ಲು ತೊಡೆ ಮೇಲೇ ಇರುತ್ತಿತ್ತು.

೪. ಕೊನೆಯ ಭಾನುವಾರ

ದಸರೆಗೆ ಮುಂಚಿನ ಭಾನುವಾರ. ಮೇಷ್ಟ್ರು ಬೀಜವೆಲ್ಲ ಕಳೆದುಕೊಂಡು ಪಕ್ಕಕ್ಕೆ ಕೂತಿದ್ದರು. ನನಗೆ ಬಂದದ್ದು ಮೂರು ರಾಜ, ಎರಡು ಹತ್ತು. ಬೆರಳು ತುರಿಸಿದವು. ಹಲ್ಲು ಕಚ್ಚಿ ತಡೆದೆ. ಟವಲ್ಲು ಒಣಹಾಕಿದ ಚರ್ಮದ ಹಾಗೆ ಸೆಟೆದು ಬಿದ್ದಿತ್ತು.

ಸಾಹೇಬರು ಟವಲ್ಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ತಮ್ಮ ಬೀಜವನ್ನೆಲ್ಲ ಮುಂದಕ್ಕೆ ತಳ್ಳಿದರು. "ಮೂಟೆ ಹೊಲಿಸಿಡಿ, ಸಾಹುಕಾರ್ರೇ." ನಾನೂ ಅಷ್ಟೇ ಬೀಜ ಇಟ್ಟೆ. ಅವರದು ಐದೂ ಆಟೀನು, ಒಂದೇ ರಂಗು. ನನ್ನ ಎಲೆ ಒಂದೊಂದಾಗಿ ಹರಡಿದೆ. ಐದು ಆಟೀನಿಗಿಂತ ಅದು ಮೇಲು.

"ಟವಲ್ಲು ಅಲ್ಲಾಡಲೇ ಇಲ್ಲವಲ್ರೀ" ಅಂದರು, ಮೋಸ ಹೋದವರ ದನಿಯಲ್ಲಿ.

"ವರ್ಷವೆಲ್ಲ ಆಡಿದೆಯಲ್ಲ ಸಾಹೇಬರೇ, ಸುಸ್ತಾಗಿದೆ."

ಅವರು ಎದ್ದರು, ನಾನು ಕುರ್ಚಿ ಎತ್ತಿದೆ. ಹಿಂಗಾಲಿನ ಅಡಿಯಿಂದ ನಾಲ್ಕು ಮಡಿಕೆಯ ಒಂದು ಎಲೆ ಉದುರಿತು. ಬಿಡಿಸಿದರೆ ಕಳಾವರ್ ಎಕ್ಕ.

ಒಳಗಿಂದ ಮನೆಯಾಕೆ ಕೂಗಿ ಹೇಳಿದರು: "ಕುರ್ಚಿ ಅಲ್ಲಾಡ್ತಿತ್ತು ಕಣ್ರೀ. ಹೋದ ಕ್ರಿಸ್‌ಮಸ್ಸಿಗೆ ಗುಡಿಸುವಾಗ ಸಿಕ್ತು, ಮಡಚಿ ಇಟ್ಟೆ."

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. "ಹಾಗಾದ್ರೆ ಇಷ್ಟು ದಿನ ನಾನು ಭಾಗಿಸಬೇಕಾಗಿದ್ದು ಐವತ್ತೊಂದರಿಂದ."

ನಾನು ನೋಟ್‌ಬುಕ್ ತೆರೆದು ಅಡಿಗೆರೆ ಎಳೆದ ಸಾಲು ತೋರಿಸಿದೆ. ಎಕ್ಕ ಸಾಹೇಬರ ಹತ್ತಿರವೇ ಇತ್ತು. ಅವರು ಅದರ ಮೇಲೆ ಕೂತಿದ್ದರು, ಅಷ್ಟೇ.

ಒಟ್ಟು ಗಳಿಕೆ: ಬೀಟೆ ಕುರ್ಚಿ ಒಂದು, ಕೆಂಪು ಬೀಜ ಮುನ್ನೂರು, ಕಳಾವರ್ ಎಕ್ಕ ಒಂದು. ಎಕ್ಕ ಈಗಲೂ ಕುರ್ಚಿಯ ಕಾಲಡಿಯೇ ಇದೆ, ತೆಗೆದರೆ ಅಲ್ಲಾಡುತ್ತದೆ.