ಕಿರುಬೆರಳಿನ ಉಂಗುರ

ಎಲ್ಲದಕ್ಕೂ ಕಾರಣ ಅವನ ಪ್ಯಾಂಟಿನ ಜೇಬಿನಲ್ಲಿದ್ದ ತೂತು. ಬೀಗ ರಿಪೇರಿ ಮಾಡುವವನ ಜೇಬಿನಲ್ಲಿ ಅರ, ಕೊಕ್ಕೆ, ಕಂಬಿ ಅಂತ ಏನಾದರೂ ಇದ್ದೇ ಇರುತ್ತದೆ. ಅವು ಬಟ್ಟೆ ಕೊರೆದು ದಾರಿ ಮಾಡಿಕೊಂಡಿದ್ದವು. ಹೊಲಿದುಕೊಡುತ್ತೇನೆ ಬಿಚ್ಚಿಡಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು, ನಾಳೆ ಎಂದು ಇವನು ಹೇಳುತ್ತಲೇ ಇದ್ದ. ಅಷ್ಟರಲ್ಲಿ ಹೆರಿಗೆಯ ದಿನವೇ ಬಂದುಬಿಟ್ಟಿತು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ಆಪರೇಷನ್ ಮಾಡಿಯೇ ತೆಗೆಯಬೇಕು ಎಂದರು ಡಾಕ್ಟರಮ್ಮ.

ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಹೊಸಬರು ಅದನ್ನು ಕೇಳಿ, ಯಾರ ಕಡೆಯ ಬೀಗರು ಎಂದು ವಿಚಾರಿಸುವುದೂ ಇತ್ತು. ಎಂಥ ಬೀಗವಾದರೂ ಅವನ ಕೈ ತಾಕಿದರೆ ಬಾಯಿ ಬಿಡುತ್ತಿತ್ತು. ಆದರೆ ತನ್ನ ಅಂಗಡಿಯ ಕೀಲಿಕೈಯನ್ನೇ ಆಗಾಗ ಕಳೆದುಕೊಳ್ಳುವವನು. ಹೀಗಾಗಿ ಅವನ ಅತ್ತೆಗೆ ಅಳಿಯನ ಕೈಯ ಮೇಲೆ ನಂಬಿಕೆಯಿತ್ತು, ಜೇಬಿನ ಮೇಲೆ ಇರಲಿಲ್ಲ.

ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದು ನರ್ಸ್ ಹೇಳಿದಾಗ ಅತ್ತೆ ವಾದಕ್ಕೆ ನಿಂತರು. ತಾನು ಮೂವರನ್ನು ಹೆತ್ತದ್ದು ಓಲೆ, ಮೂಗುಬೊಟ್ಟಿನ ಸಮೇತವೇ ಎಂದರು. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಲೋಹ ತಗುಲಿದ ಕಡೆ ಚರ್ಮ ಸುಡಬಹುದು, ಉಸಿರಿನ ಮಾಸ್ಕ್ ಹಾಕುವಾಗ ಮೂಗುಬೊಟ್ಟು ಸಿಕ್ಕಿಕೊಳ್ಳಬಹುದು ಎಂದು ನರ್ಸ್ ಸಮಾಧಾನವಾಗಿ ತಿಳಿಸಿದಳು. ಓಲೆ ಬಂತು, ಮೂಗುಬೊಟ್ಟು ಬಂತು. ಕೊನೆಗೆ ಹೊಕ್ಕುಳಿನಿಂದ ಒಂದು ಪುಟ್ಟ ರಿಂಗು ಹೊರಬಂದಾಗ ಅತ್ತೆಯ ವಾದ ಅಲ್ಲಿಗೇ ನಿಂತಿತು. ಅದು ಅಲ್ಲಿರುವ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಅಳಿಯನ ಮುಖವನ್ನೊಮ್ಮೆ ನೋಡಿದರು. ಬೀಗದಣ್ಣ ಗೋಡೆಯ ಗಡಿಯಾರ ನೋಡಿದ.

ಕೈಯ ಉಂಗುರ ಮಾತ್ರ ಊದಿದ ಬೆರಳಿನಿಂದ ಜಗ್ಗಲಿಲ್ಲ. ಒಳಗೆ ಹೋಗಿ ನೋಡುತ್ತೇವೆ ಎಂದು ನರ್ಸ್ ಹೆಂಡತಿಯನ್ನು ಕರೆದುಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಬಾಗಿಲು ಗೇಣಷ್ಟು ತೆರೆಯಿತು. ಇನ್ನೊಬ್ಬ ನರ್ಸ್, ಈಗಷ್ಟೇ ಕೆಲಸಕ್ಕೆ ಸೇರಿದವಳು, ಒಂದು ಚಿನ್ನದ ಉಂಗುರವನ್ನು ಬೀಗದಣ್ಣನ ಕೈಗಿಟ್ಟು, ಜೋಪಾನ ಎಂದು ಹೇಳಿ ಮಾಯವಾದಳು.

"ಜೇಬಿಗೆ ಹಾಕ್ಬೇಡಿ ಅಳಿಯಂದ್ರೇ," ಎಂದರು ಅತ್ತೆ.

ಹಾಗಾದರೆ ಬೆರಳಿಗಿಂತ ಭದ್ರವಾದ ಜಾಗ ಯಾವುದು? ಕಿರುಬೆರಳಿಗೆ ತೂರಿಸಿದ. ಗೆಣ್ಣಿನ ಹತ್ತಿರ ನಿಂತಿತು. ಒತ್ತಿ ದಾಟಿಸಿದ. ಭದ್ರವೇನೋ ಆಯಿತು, ಆದರೆ ಬೆರಳು ಜುಮುಗುಟ್ಟತೊಡಗಿತು. ತೆಗೆಯಲು ಹೋದರೆ ಬರಲಿಲ್ಲ.

ಪಕ್ಕದ ಬೆಂಚಿನಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ. ತಂಗಿಯ ಹೆರಿಗೆಗೆ ಬಂದವನು, ಬೇರೆ ಕೆಲಸವಿರಲಿಲ್ಲ. ಸೋಪು ಹಚ್ಚಿ ಎಂದ. ಹಚ್ಚಿದ್ದಾಯಿತು. ಅತ್ತೆ ಚೀಲದಿಂದ ತಲೆಗೆ ಹಚ್ಚುವ ಎಣ್ಣೆ ತೆಗೆದು ಸುರಿದರು. ಸೋಪು, ಎಣ್ಣೆ ಸೇರಿ ಬೀಗದಣ್ಣನ ಅಂಗಿಯೆಲ್ಲ ಜಾರತೊಡಗಿತೇ ಹೊರತು ಉಂಗುರ ಜಾರಲಿಲ್ಲ. ಕೊನೆಗೆ ಅತ್ತೆ ಹಿಂದಿನಿಂದ ಅಳಿಯನ ಸೊಂಟ ಹಿಡಿದರು, ಡ್ರೈವರ್ ಕೆಟ್ಟುನಿಂತ ಬಸ್ಸಿನ ಗೇರು ಎಳೆಯುವಂತೆ ಎಳೆದ. ಬೀಗದಣ್ಣನ ಬಾಯಿಂದ ಹೊರಟ ಕೂಗಿಗೆ, ಹೆರಿಗೆ ವಾರ್ಡು ಆ ಕಡೆ ಅಲ್ಲವಾ ಎಂದು ಕಸ ಗುಡಿಸುವವಳು ಬಗ್ಗಿ ನೋಡಿದಳು.

ಅಷ್ಟರಲ್ಲಿ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನೋಡಿದವಳೇ ಅವಳು ಗಾಲಿಕುರ್ಚಿ ತಂದು, ಅವನನ್ನು ಕೂರಿಸಿ, ಕೆಳಮಹಡಿಯ ತುರ್ತು ಚಿಕಿತ್ಸೆಯ ಕೋಣೆಗೆ ತಳ್ಳಿದಳು. ದಾರಿಯುದ್ದಕ್ಕೂ ಜನ ಏನಾಯಿತೆಂದು ಕೇಳುತ್ತಿದ್ದರು, ಹಿಂದೆ ಬರುತ್ತಿದ್ದ ಡ್ರೈವರ್ ಎಲ್ಲರಿಗೂ ವಿವರವಾಗಿ ಹೇಳುತ್ತಿದ್ದ. ಒಳಗೆ ಒಬ್ಬರು ಸಣ್ಣ ಗರಗಸದಂಥ ಸಾಧನ ಹಿಡಿದು ಬಂದರು. ಊರಿನವರ ಬೀಗಗಳಿಗೆ ತಾನು ಮಾಡುವ ಕೆಲಸವನ್ನು ಇನ್ನೊಬ್ಬರು ತನ್ನ ಬೆರಳಿಗೆ ಮಾಡುವುದನ್ನು ನೋಡಲಾರದೆ ಬೀಗದಣ್ಣ ಕಣ್ಣು ಮುಚ್ಚಿದ. ಕಿರ್ ಕಿರ್ ಎಂದು ಸದ್ದಾಗಿ, ಉಂಗುರ ಎರಡು ತುಂಡಾಯಿತು. ಪ್ರಾಣ ಬಂದಂತಾಯಿತು.

ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿಸಿಕೊಂಡು, ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವನು ಮೇಲೆ ಬರುವಷ್ಟರಲ್ಲಿ ಅತ್ತೆಯ ಮಡಿಲಲ್ಲಿ ಆಗಷ್ಟೇ ಹುಟ್ಟಿದ ಹೆಣ್ಣುಮಗುವಿತ್ತು. ಕೆಂಪಗೆ, ಹಣೆ ಗಂಟಿಕ್ಕಿಕೊಂಡು, ಥೇಟು ಅತ್ತೆಯಂತೆಯೇ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಕೇಳಿ ಅವನಿಗೆ ಬೆರಳಿನ ನೋವೇ ಮರೆತುಹೋಯಿತು. ಇಂಥ ಒಳ್ಳೆಯ ಗಳಿಗೆಯಲ್ಲಿ ಸತ್ಯ ಹೇಳಿಬಿಡುವುದೇ ಮೇಲು ಅನ್ನಿಸಿ ಹೆಂಡತಿಯ ಮಂಚದ ಬಳಿ ಹೋದ.

"ನೋಡು, ಬೇಜಾರು ಮಾಡ್ಕೋಬೇಡ. ನಿನ್ನ ಉಂಗುರ ಕತ್ತರಿಸ್ಬೇಕಾಗಿ ಬಂತು."

ಅವಳು ಹೊದಿಕೆಯೊಳಗಿಂದ ಕೈ ತೆಗೆದು ತೋರಿಸಿದಳು. ಉಂಗುರ ಬೆರಳಲ್ಲೇ ಇತ್ತು. ಎಷ್ಟು ಮಾಡಿದರೂ ಬರಲಿಲ್ಲವೆಂದು ಅದರ ಮೇಲೆ ಬಿಳಿ ಪ್ಲಾಸ್ಟರು ಸುತ್ತಿದ್ದರು; ಅಂಚಿನಲ್ಲಿ ಚಿನ್ನ ಇಣುಕುತ್ತಿತ್ತು.

ಅವನು ಕರವಸ್ತ್ರ ಬಿಚ್ಚಿ ಹಿಡಿದ. ಹೆಂಡತಿ ತುಂಡುಗಳನ್ನು ನೋಡಿದಳು, ಗಂಡನನ್ನು ನೋಡಿದಳು.

"ಮದುವೆಯಾಗಿ ಇಷ್ಟು ವರ್ಷ ಆಯ್ತಲ್ರೀ. ನನ್ನ ಉಂಗುರ ಯಾವುದು ಅಂತಾನೂ ಗೊತ್ತಿಲ್ವಾ ನಿಮಗೆ?"

ಅಷ್ಟರಲ್ಲೇ ಡಾಕ್ಟರಮ್ಮ ಬಾಣಂತಿಯನ್ನು ನೋಡಲು ಬಂದರು. ಅವರ ಹಿಂದೆ ಅದೇ ಹೊಸ ನರ್ಸ್, ಅಳುಮುಖ ಮಾಡಿಕೊಂಡು. ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ ಕೈ ತೊಳೆಯುವಾಗ ತಮ್ಮ ಉಂಗುರ ಬಿಚ್ಚಿ ಇವಳ ಕೈಗಿಟ್ಟು, ಹೊರಗೆ ಕೂತಿರುವವರಿಗೆ ಕೊಡು ಎಂದಿದ್ದರಂತೆ. ಅವರ ಮನಸ್ಸಿನಲ್ಲಿದ್ದದ್ದು ಹೊರಗೆ ಮೇಜಿನ ಬಳಿ ಕೂತಿದ್ದ ಹಿರಿಯ ನರ್ಸ್; ಇವಳು ಕೊಟ್ಟದ್ದು ಬೆಂಚಿನ ಮೇಲೆ ಕೂತಿದ್ದ ಬೀಗದಣ್ಣನಿಗೆ.

ಬೀಗದಣ್ಣ ಕರವಸ್ತ್ರ ಚಾಚಿದ. ಡಾಕ್ಟರಮ್ಮ ಎರಡು ತುಂಡುಗಳನ್ನೂ ಅವನ ಬ್ಯಾಂಡೇಜನ್ನೂ ನೋಡಿದರು. ನಗು ತಡೆದುಕೊಳ್ಳಲು ತುಟಿ ಕಚ್ಚಿದರು.

"ನಾನೇನೂ ಅನ್ನಲ್ಲ ಬಿಡಿ. ಆದ್ರೆ ಇದು ನಮ್ಮತ್ತೆ ಕೊಟ್ಟಿದ್ದು. ಸಂಜೆ ಅವರು ಇಲ್ಲಿಗೇ ಬರ್ತಾರೆ. ಏನಾಯ್ತು ಅಂತ ನೀವೇ ಹೇಳ್ಬಿಡಿ."

ಒಬ್ಬ ಅತ್ತೆಯ ಮುಂದೆಯೇ ಬಾಯಿ ಬಾರದ ಬೀಗದಣ್ಣ ಹಣೆಯ ಬೆವರೊರೆಸಿಕೊಂಡ. ಆಗ ಅವನ ಸ್ವಂತ ಅತ್ತೆ ಎದ್ದು ಬಂದು, ಮಗುವನ್ನು ಮೆಲ್ಲಗೆ ಅವನ ತೋಳಿಗೆ ಇಳಿಸಿದರು.

"ಎತ್ಕೊಂಡೇ ಇರಿ ಅಳಿಯಂದ್ರೇ. ಅವರು ಬಂದು ಹೋಗೋ ತನಕ ಕೆಳಗಿಳಿಸ್ಬೇಡಿ. ಕೂಸು ಕೈಯಲ್ಲಿದ್ರೆ ಯಾವ ಅತ್ತೆಯೂ ಬೈಯಲ್ಲ."