ನಲ್ಲಿ ನೀರು ಮುಟ್ಟದ ಕೂಲರ್

ಪರಿಸರ ಉಳಿಸುವುದು ಬಹಳ ಸುಲಭ. ಜನರಿಗೆ ಮನಸ್ಸಿಲ್ಲ, ಅಷ್ಟೇ!

ದೆಹಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಬ್ಲಾಕ್ ಸಭೆಯಲ್ಲಿ ನಾನು ಎದ್ದು ನಿಂತು ಹೀಗೆ ಘೋಷಿಸಿದ್ದು ಮೇ ತಿಂಗಳ ಒಂದು ಭಾನುವಾರ. ಪಾರ್ಕಿನ ಬೇವಿನ ಮರದ ಕೆಳಗೆ ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ನೀರು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಬರುತ್ತಿದ್ದ ಕಾಲ ಅದು. ನೆಲ ಅಂತಸ್ತಿನ ಚೋಪ್ರಾ ಆಂಟಿ ತಮ್ಮ ಅಂಗಳ ದಿನಾ ಬೆಳಿಗ್ಗೆ ಒದ್ದೆಯಾಗುತ್ತಿದೆಯೆಂದೂ, ಮೇಲಿನವರು ಕೂಲರಿಗೆ ನೀರು ತುಂಬಿಸಿ ತುಳುಕಿಸುವುದೇ ಅದಕ್ಕೆ ಕಾರಣವೆಂದೂ, ಇನ್ನು ಮುಂದೆ ಕೂಲರಿಗೆ ನಲ್ಲಿ ನೀರು ಹಾಕುವುದು ಬಂದ್ ಆಗಬೇಕೆಂದೂ ಗುಡುಗಿದರು. ಎಲ್ಲರ ಮನೆಯಲ್ಲೂ ಕೂಲರ್ ಇತ್ತು. ಆದ್ದರಿಂದ ಎಲ್ಲರೂ ಮರದ ಎಲೆ ನೋಡತೊಡಗಿದರು.

ನಾನು ನೋಡಲಿಲ್ಲ. ಯಮುನೆ ಬತ್ತುತ್ತಿರುವುದು, ನೆಲದ ನೀರು ಪಾತಾಳಕ್ಕೆ ಇಳಿದಿರುವುದು, ಒಮ್ಮೆ ಬಳಸಿದ ನೀರನ್ನು ಮತ್ತೆ ಬಳಸಬೇಕಾದ ತುರ್ತು, ಎಲ್ಲವನ್ನೂ ಕಡತದ ಟಿಪ್ಪಣಿಯಂತೆ ಕ್ರಮವಾಗಿ ಮಂಡಿಸಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದಾಗ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ.

"ಈ ಬೇಸಿಗೆಯಲ್ಲಿ ನನ್ನ ಕೂಲರ್ ನಲ್ಲಿಯ ಒಂದು ಹನಿ ನೀರು ಕುಡಿದರೂ, ಅದನ್ನು ಎತ್ತಿಕೊಂಡು ಹೋಗಿ ಚೌಕೀದಾರನ ಕೋಣೆಯಲ್ಲಿ ಇಟ್ಟುಬಿಡಿ!"

"ಪಕ್ಕಾ, ಭಾಯಿ ಸಾಹೇಬ್?" ಎಂದರು ಚೋಪ್ರಾ ಆಂಟಿ.

"ಪಕ್ಕಾ!"

ಮನೆಗೆ ಬಂದಾಗ ನನ್ನ ಹೆಂಡತಿ ಸುಧಾ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ನನಗಿಂತ ಮೊದಲೇ ಮಹಡಿ ಹತ್ತಿತ್ತು.

"ರೀ, ಆ ಕೂಲರ್ ನಿಮ್ಮೊಬ್ಬರದಾ? ಪಲ್ಲವಿ ಬೆನ್ನು ತುಂಬ ಬೆವರುಸಾಲೆ ಎದ್ದಿದೆ. ಕೂಲರ್ ಹೋದ್ರೆ ಮಗು ಮಲಗೋದು ಹೇಗೆ?"

"ಹೋಗೋದೇ ಇಲ್ವಲ್ಲ!" ಎಂದೆ. ನನ್ನ ಧೈರ್ಯ ಕಂಡು ನನಗೇ ಹೆಮ್ಮೆಯಾಯಿತು.

ಮರುದಿನವೇ ಕಾರ್ಯಾಚರಣೆ ಆರಂಭವಾಯಿತು. ಬಟ್ಟೆ ಜಾಲಿಸಿದ ನೀರನ್ನು ಚೆಲ್ಲುವುದು ರಾಷ್ಟ್ರೀಯ ನಷ್ಟವೆಂದು ತೀರ್ಮಾನಿಸಿ, ಬಕೆಟ್ ಬಕೆಟ್ ತಂದು ಕೂಲರಿಗೆ ಸುರಿದೆ. ಸ್ವಿಚ್ ಹಾಕಿದೆ. ಒಳಗಿನ ಪಂಪು ಆ ನೀರನ್ನು ಚೆನ್ನಾಗಿ ಕಡೆಯಿತು. ಹುಲ್ಲಿನ ಪರದೆಯ ಸಂದುಗಳಿಂದ ಮೊದಲು ಒಂದು ಗುಳ್ಳೆ ಬಂತು. ಆಮೇಲೆ ಅದರ ಬಂಧುಬಳಗವೆಲ್ಲ ಬಂತು! ಟಿವಿಯ ಮೇಲೆ ನೊರೆ, ಸೋಫಾದ ಮೇಲೆ ನೊರೆ, ನನ್ನ ಕನ್ನಡಕದ ಮೇಲೆ ನೊರೆ.

"ಪಾಪಾ, ದೇಖೋ ನಾ! ಸ್ನೋ ಬರ್ತಾ ಇದೆ!" ಎಂದು ಪಲ್ಲವಿ ಕುಣಿದಳು. ಸ್ವಿಚ್ ಆರಿಸಲು ಓಡಿದ ನಾನು ಜಾರಿ, ಕೂತ ಭಂಗಿಯಲ್ಲೇ ಅಡುಗೆಮನೆಯ ಹೊಸ್ತಿಲು ತಲುಪಿದೆ.

ಸುಧಾ ಸೌಟು ಹಿಡಿದು ಕೆಳಗೆ ನೋಡಿದಳು. "ಮನಾಲಿಗೆ ಕರ್ಕೊಂಡು ಹೋಗಿ ಅಂತ ಮದುವೆ ಆದಾಗಿಂದ ಕೇಳ್ತಿದ್ದೆ. ಪಾಪ, ಮನಾಲೀನೇ ಮನೆಗೆ ತಂದ್ರಿ."

ಇದನ್ನು ತಾತ್ಕಾಲಿಕ ಹಿನ್ನಡೆ ಎಂದು ಪರಿಗಣಿಸಲಾಯಿತು. ತಪ್ಪು ಸೋಪಿನದು, ಸಿದ್ಧಾಂತದ್ದಲ್ಲ. ಸೋಪಿಲ್ಲದ ನೀರು ಯಾವುದು? ಆಗ ಹೊಳೆಯಿತು: ಅಕ್ಕಿ ತೊಳೆದ ನೀರು! ನಮ್ಮ ಬ್ಲಾಕಿನವರೆಲ್ಲ ರೊಟ್ಟಿ ತಿನ್ನುವವರು. ದೋಸೆಗೆ, ಮಧ್ಯಾಹ್ನದ ಅನ್ನಕ್ಕೆ, ರಾತ್ರಿಯ ಅನ್ನಕ್ಕೆ ಎಂದು ದಿನವಿಡೀ ಅಕ್ಕಿ ತೊಳೆಯುವ ಮನೆ ನಮ್ಮದೊಂದೇ. ಊರಿನಲ್ಲಿ ಈ ಅಕ್ಕಚ್ಚನ್ನು ಹಸು ಕುಡಿಯುತ್ತದೆ. ಹಸು ಕುಡಿಯುವುದನ್ನು ಕೂಲರ್ ಏಕೆ ಕುಡಿಯಬಾರದು?

ಕುಡಿಯಿತು. ಮೊದಲ ದಿನ ಗಾಳಿ ಸ್ವರ್ಗದಿಂದ ಬಂದಂತಿತ್ತು. ಮರುದಿನ ಅದರಲ್ಲಿ ದೋಸೆ ಹಿಟ್ಟಿನ ವಾಸನೆ ಬಂತು. ನನಗೇನೋ ಊರು ನೆನಪಾಗಿ ಖುಷಿಯೇ ಆಯಿತು. ಅದರ ಮರುದಿನ ಹಿಟ್ಟು ಹುಳಿ ಬಂತು! ದೆಹಲಿಯ ಮೇ ತಿಂಗಳ ಬಿಸಿಲಿಗೆ ಕಬ್ಬಿಣದ ಪೆಟ್ಟಿಗೆಯೊಳಗೆ ಹುದುಗುವ ವೇಗವೇ ಬೇರೆ. ಮನೆಯ ಪರದೆ, ದಿಂಬು, ನನ್ನ ಆಫೀಸಿನ ಶರ್ಟು, ಎಲ್ಲದಕ್ಕೂ ಹುಳಿ ಹತ್ತಿತು. ಚೋಪ್ರಾ ಆಂಟಿ ಮೂಗು ಹಿಡಿದು ಮೇಲೆ ಬಂದು, "ಭಾಭೀಜೀ, ಇಡ್ಲಿ ಅಂಗಡಿ ಶುರು ಮಾಡಿದಿರಾ?" ಎಂದು ಹಿಂದಿಯಲ್ಲಿ ವಿಚಾರಿಸಿದರು. ಸುಧಾ ನನ್ನ ಕಡೆ ಕೈ ತೋರಿಸಿದಳು. ಅದೇ ಸಂಜೆ ಪಂಪು ಗಂಜಿ ಕಟ್ಟಿಕೊಂಡು, ಗರ್ರ್ ಎಂದು ಗಂಟಲು ಸರಿಮಾಡಿಕೊಂಡು, ಮೌನಕ್ಕೆ ಸಂದಿತು. ಪಲ್ಲವಿ ರಾತ್ರಿಯಿಡೀ ಬೆನ್ನು ಕೆರೆದುಕೊಂಡು ಹೊರಳಾಡಿದಳು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಬೆಳಿಗ್ಗೆ ಕೂಲರ್ ಬಿಚ್ಚಿ ತೊಳೆದೆ. ಅದಕ್ಕೆ ನಲ್ಲಿ ನೀರೇ ಬೇಕಾಯಿತು. ಎಷ್ಟು ಬಕೆಟ್ ಎಂದು ಕೇಳಬೇಡಿ.

"ಈಗ ಹಾಕಿದ್ದು ನಲ್ಲಿ ನೀರಲ್ವಾ?" ಎಂದಳು ಸುಧಾ.

"ಮಾತು ಕೊಟ್ಟದ್ದು ಕುಡಿಯೋದಿಲ್ಲ ಅಂತ. ಇದು ಸ್ನಾನ!"

ಮೂರನೆಯ ಪ್ರಯತ್ನ ಗೆದ್ದಿತು. ತರಕಾರಿ, ಸೊಪ್ಪು ತೊಳೆದ ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ, ಮಣ್ಣು ತಳಕ್ಕೆ ಇಳಿದ ಮೇಲೆ ಕೂಲರಿಗೆ ಹಾಕಿದೆ. ಸಾಲದ್ದಕ್ಕೆ ತರಕಾರಿ ಮಾರುವ ಭಯ್ಯಾನ ಗಾಡಿಯಿಂದ ದಿನಾ ಹೊರೆ ಸೊಪ್ಪು ತಂದೆ. ತಿಂದು ತಿಂದು ಎಲ್ಲರ ಮುಖವೂ ಹಸಿರಾಯಿತು, ಆದರೆ ಗಾಳಿ ತಂಪಾಗಿ ಬಂತು! ಪಲ್ಲವಿ ಗೊರಕೆ ಹೊಡೆದು ಮಲಗಿದಳು. ಗೆದ್ದವನು ಸುಮ್ಮನಿರಬೇಕು. ನಾನು ಇಡೀ ಬ್ಲಾಕನ್ನು ಭಾನುವಾರ ಬೆಳಿಗ್ಗೆ ಪ್ರಾತ್ಯಕ್ಷಿಕೆಗೆ ಕರೆದೆ.

ಬಂದರು. ನಮ್ಮ ಪುಟ್ಟ ಹಾಲ್ ತುಂಬಿಹೋಯಿತು. ಕೂಲರ್ ಭೋರೆಂದು ಮೊರೆಯುತ್ತ ಕೊತ್ತಂಬರಿ ಪರಿಮಳದ ಗಾಳಿ ಬೀಸಿತು. "ವಾಹ್!" ಎಂದರು ಬ್ಲಾಕಿನ ಕಾರ್ಯದರ್ಶಿ ತಿವಾರಿ. ನಾನು ಗಂಟಲು ಏರಿಸಿ ಭಾಷಣ ಶುರುಮಾಡಿದೆ.

"ನೀರು ಯಾರಪ್ಪನ ಮನೆ ಆಸ್ತಿಯೂ ಅಲ್ಲ! ಇವತ್ತು ನಾವು ಉಳಿಸದಿದ್ದರೆ ನಮ್ಮ ಮಕ್ಕಳ ಕಾಲಕ್ಕೆ ಬಕೆಟ್ ಇರುತ್ತದೆ, ನೀರಿರುವುದಿಲ್ಲ! ಪ್ರತಿಯೊಂದು ಹನಿಗೂ..."

ಕರೆಂಟ್ ಹೋಯಿತು.

ಕೂಲರಿನ ಮೊರೆತ ನಿಂತಿತು. ಆ ನಿಶ್ಶಬ್ದದಲ್ಲಿ ಕಿಟಕಿಯ ಆಚೆ ಧೋ ಎಂಬ ಸದ್ದು ಕೇಳಿಸಿತು. ಎಲ್ಲರೂ ಬಾಲ್ಕನಿಗೆ ನುಗ್ಗಿದರು. ತಾರಸಿಯಿಂದ ದಪ್ಪ ಧಾರೆಯೊಂದು ನಮ್ಮ ಗೋಡೆಯ ಪಕ್ಕದಲ್ಲೇ ಇಳಿದು ಚೋಪ್ರಾ ಆಂಟಿಯ ಅಂಗಳಕ್ಕೆ ಬೀಳುತ್ತಿತ್ತು. ಎಲ್ಲರೂ ತಾರಸಿಗೆ ಓಡಿದೆವು. ಸಾಲಾಗಿ ನಿಂತ ಕಪ್ಪು ಟ್ಯಾಂಕುಗಳಲ್ಲಿ ಒಂದು ಮಾತ್ರ ಉಕ್ಕಿ ಹರಿಯುತ್ತಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಮನೆ ಸಂಖ್ಯೆ ನಮ್ಮದು!

ಒಳಗೆ ತೇಲುತ್ತ ನೀರು ನಿಲ್ಲಿಸಬೇಕಾದ ಚೆಂಡು ಮುರಿದು ತಳದಲ್ಲಿ ಮಲಗಿತ್ತು. ನಾನು ಕೆಳಗೆ ಸೊಪ್ಪಿನ ನೀರು ಸೋಸುತ್ತಿದ್ದ ಅದೇ ಹೊತ್ತಿಗೆ, ಮೇಲೆ ದಿನಾ ಇಷ್ಟೊಂದು ಕುಡಿಯುವ ನೀರು ಹರಿದುಹೋಗುತ್ತಿತ್ತು.

"ಚೆಂಡು ಹೋಗಿದೆ, ನೋಡಿ ಅಂತ ಹೋಳಿ ಹಬ್ಬದಲ್ಲೇ ಹೇಳಿದ್ದೆ," ಎಂದಳು ಸುಧಾ ಮೆಲ್ಲಗೆ.

ಹೇಳಿದ್ದಳು. ಆಗ ನಾನು ಓಜೋನ್ ಪದರದ ಬಗ್ಗೆ ಓದುತ್ತಿದ್ದೆ.

ತೀರ್ಪು ತಾರಸಿಯಲ್ಲೇ ಆಯಿತು. ತಿವಾರಿ, "ಒಂದು ಹನಿ ಎಂದವರ ಟ್ಯಾಂಕೇ ಹೀಗೆ ಹರಿದಿದೆ. ಕೂಲರ್ ಚೌಕೀದಾರನಿಗೆ ಹೋಗಬೇಕು," ಎಂದರು. ಅಂಗಳ ಒದ್ದೆ ಮಾಡಿದ ಕಳ್ಳ ಕೂಲರಲ್ಲ, ಟ್ಯಾಂಕು ಎಂದು ಚೋಪ್ರಾ ಆಂಟಿಗೆ ಆಗ ಗೊತ್ತಾಗಿತ್ತು. ಪಲ್ಲವಿಯ ಬೆನ್ನು ನೋಡಿ ಅವರ ಮನಸ್ಸೂ ಕರಗಿತು. "ಬಚ್ಚೀ ಕಾ ಕ್ಯಾ ಕಸೂರ್? ಮಗು ಏನು ತಪ್ಪು ಮಾಡಿದೆ? ಕೂಲರ್ ಇರಲಿ. ನಲ್ಲಿ ನೀರನ್ನೇ ಹಾಕಲಿ. ಆದರೆ ಎಲ್ಲ ಟ್ಯಾಂಕುಗಳ ಚೆಂಡೂ ಇವತ್ತೇ ಪರೀಕ್ಷೆ ಆಗಬೇಕು. ಭಾಭೀಜೀ ನೋಡಿಕೊಳ್ಳಲಿ!"

ಸರ್ವಾನುಮತದಿಂದ ಅಂಗೀಕಾರವಾಯಿತು. ಸಂಜೆಯೊಳಗೆ ಸುಧಾ ಪ್ಲಂಬರನನ್ನು ಕರೆಸಿ, ಕೆಟ್ಟ ಚೆಂಡುಗಳನ್ನೆಲ್ಲ ಬದಲಾಯಿಸಿದಳು. ಮರುದಿನದಿಂದ ಎಲ್ಲರ ಮನೆಗೂ ನೀರು ಸಾಕಷ್ಟು ಬಂತು. ಚೋಪ್ರಾ ಆಂಟಿಯ ಅಂಗಳ ಒಣಗಿತು. ಭಾಷಣವಿಲ್ಲದೆ ಇಷ್ಟು ದೊಡ್ಡ ಪರಿಸರ ರಕ್ಷಣೆ ನಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು.

ನನಗೂ ಒಂದು ಜವಾಬ್ದಾರಿ ಸಿಕ್ಕಿತ್ತೆಂದು ವಿನಯದಿಂದ ಹೇಳಿಕೊಳ್ಳುತ್ತೇನೆ. ಪ್ಲಂಬರ್ ಹತ್ತಿದ ಏಣಿಯನ್ನು ಕೆಳಗಿನಿಂದ ಹಿಡಿದುಕೊಂಡವನು ನಾನೇ! ನೀರಿನ ಮಹತ್ವದ ಬಗ್ಗೆ ಅವನಿಗೆ ಎರಡು ಮಾತು ಹೇಳೋಣವೆಂದು ಬಾಯಿ ತೆರೆದೆ, ಏಣಿ ಅಲುಗಾಡಿತು.

"ರೀ," ಎಂದಳು ಸುಧಾ, "ಮಾತಾಡ್ಬೇಡಿ. ಹಿಡ್ಕೊಂಡಿರಿ, ಸಾಕು."

ಹಿಡಿದುಕೊಂಡೆ.