ಕೊಟ್ಟೂರಪ್ಪನವರ ಒಂದು ಗುಟುಕು

ಅಕ್ಕನಾಗಮ್ಮ: ಬೆಲ್ಲದ ನೀರಿನ ಕಾರ್ಖಾನೆ ಅಂದ್ರಿ. ಬೆಲ್ಲದ ನೀರು ಕಾಯಾಕ ಪೊಲೀಸ್ನೋರು ಯಾಕ ಬೇಕ್ರಿ?

ಕೊಟ್ಟೂರಪ್ಪ: ಅವ್ರು ಪೊಲೀಸ್ನೋರಲ್ಲ ಕಣೇ. ಅಬಕಾರಿಯೋರು.

ಅಕ್ಕನಾಗಮ್ಮ: ಹಾಂ! ಬಂತಲ್ಲ ಬಾಯಾಗೆ! ಅಬಕಾರಿಯೋರು ಏನು ಕಾಯ್ತಾರೆ ಅಂತ ಗೊತ್ತಿಲ್ದಷ್ಟು ದಡ್ಡಿ ಅಂದ್ಕಂಡ್ರಾ ನನ್ನ?

ಕೊಟ್ಟೂರಪ್ಪನವರು ನಾಲಿಗೆ ಕಚ್ಚಿಕೊಂಡರು. ಮೆಟಡಾರ್ ವ್ಯಾನು ನಿಂತಿದ್ದು ಹರಿಹರದ ಹೊರಗಿನ ಒಂದು ಡಿಸ್ಟಿಲರಿಯ ಗೇಟಿನ ಮುಂದೆ. ಹುಳಿ ಬಂದ ಬೆಲ್ಲದಂಥ ಕಾಕಂಬಿಯ ಘಾಟು ಮೂಗಿಗೆ ಅಡರುತ್ತಿತ್ತು. ಹಿಂದೆ ಕೂತ ಎಂಟು ಜನ ಕಿಟಕಿಯಾಚೆ ನೋಡುವ ನಟನೆ ಮಾಡುತ್ತ ಗಂಡಹೆಂಡಿರ ಒಂದೊಂದು ಮಾತನ್ನೂ ಚಪ್ಪರಿಸುತ್ತಿದ್ದರು.

ತಪ್ಪು ಪೂರ್ತಿ ಗಂಡನದೇ. ದಾವಣಗೆರೆಯ ಚೌಕಿಪೇಟೆಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದ ಕೊಟ್ಟೂರಪ್ಪನವರಿಗೆ ಅರವತ್ತಕ್ಕೆ ಇನ್ನೆರಡೇ ವರ್ಷ ಬಾಕಿ. ಈವರೆಗೆ ಒಂದು ತೊಟ್ಟು ಕುಡಿದವರಲ್ಲ. ಮದುವೆ ಮನೆಯ ಹಿತ್ತಲಲ್ಲಿ ಗೆಳೆಯರು ಗುಟ್ಟಾಗಿ ಸೇರಿದಾಗಲೆಲ್ಲ ಇವರ ಕೈಗೆ ಯಾರೋ ಗೋಲಿ ಸೋಡ ಕೊಟ್ಟು, 'ಸಾವ್ಕಾರ್ರೇ, ನೀವು ಬಾಗಿಲು ಕಾಯ್ರಿ' ಎನ್ನುತ್ತಿದ್ದರು. ಬಾಗಿಲು ಕಾಯ್ದು ಕಾಯ್ದು ಅವರಿಗೆ ಸಾಕಾಗಿತ್ತು. ಕುಡುಕನಾಗುವ ಆಸೆಯೇನಲ್ಲ. ಜೀವಮಾನದಲ್ಲಿ ಒಂದು ಸಲ, ಒಂದೇ ಗುಟುಕು, ಅದರ ರುಚಿ ಏನೆಂದು ತಿಳಿಯಬೇಕು, ಅಷ್ಟೇ.

ಹೀಗಿರುವಾಗ ಅಂಜನಕುಮಾರ ಬಂದ. ವರ್ಷವಿಡೀ ಜನರನ್ನು ಕ್ಷೇತ್ರಗಳಿಗೆ ಕರೆದೊಯ್ಯುವ ವ್ಯಾನು ಅವನದು. ಆದರೆ ಮಕ್ಕಳ ಪರೀಕ್ಷೆಯ ಕಾಲದಲ್ಲಿ ಯಾರೂ ಯಾತ್ರೆಗೆ ಹೊರಡುವುದಿಲ್ಲ. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. 'ಹೊಸ ಜಿಲ್ಲೆ, ಹೊಸ ಟೂರು' ಎಂದು ಹತ್ತೇ ಜನರ ಒಂದು ಪ್ರವಾಸ ಹೂಡಿದ. ಒಂದು ಡಿಸ್ಟಿಲರಿ, ಒಂದು ಬಿಯರ್ ಕಾರ್ಖಾನೆ, ಒಂದು ವೈನ್ ತೋಟ, ಪ್ರತಿಯೊಂದು ಕಡೆಯೂ ರುಚಿ ನೋಡಲು ಒಂದೊಂದು ಗ್ಲಾಸು. ಕೊಟ್ಟೂರಪ್ಪನವರು ಮನೆಯಲ್ಲಿ ಬೆಲ್ಲದ ನೀರು, ಬಾರ್ಲಿ ನೀರು, ದ್ರಾಕ್ಷಿ ರಸದ ಕಾರ್ಖಾನೆ ಎಂದರು. ಸುಳ್ಳೇನೂ ಅಲ್ಲ. ಆದರೆ 'ಬಾರ್ಲಿ ನೀರು ಬಸುರಿ ಸೊಸೆಗೆ ಭಾಳ ಒಳ್ಳೇದು' ಎಂದು ಅಕ್ಕನಾಗಮ್ಮ ಸ್ಟೀಲ್ ಕ್ಯಾನು ಹಿಡಿದು, ರೊಟ್ಟಿ ಬುತ್ತಿ ಕಟ್ಟಿಕೊಂಡು ತಾವೇ ಮೊದಲು ವ್ಯಾನು ಹತ್ತುತ್ತಾರೆಂದು ಯಾರಿಗೆ ಗೊತ್ತಿತ್ತು?

ಅಂಜನಕುಮಾರ: ಎಲ್ರೂ ಇಳೀರಿ! ಚಪ್ಲಿ ಗಾಡ್ಯಾಗೇ ಬಿಡ್ರಿ! ದರ್ಶನ ಅರ್ಧ ತಾಸು!

ಅಕ್ಕನಾಗಮ್ಮ: ಏನಪ್ಪ ಅಂಜನಕುಮಾರ, ಬ್ರಾಂದಿ ದರ್ಶನಕ್ಕೆ ಚಪ್ಲಿ ಬ್ಯಾರೆ ಬಿಡಬೇಕಾ?

ಅಂಜನಕುಮಾರ: ತಪ್ಪಾತು ಅಮ್ಮಾರೆ, ಬಾಯಿಗೆ ರೂಢಿ ಆಗೇತೆ. ಹಾಕ್ಕೊಳ್ರಿ, ಹಾಕ್ಕೊಳ್ರಿ.

ಕೊಟ್ಟೂರಪ್ಪ: ನೀನು ಬ್ಯಾಡ ಅಂದ್ರೆ ಇಲ್ಲೇ ಕುಂದ್ರು. ನಾನು ಬರೇ ಮಿಷಿನ್ನು ನೋಡ್ಕಂಡು ಬರ್ತೀನಿ.

ಅಕ್ಕನಾಗಮ್ಮ: ಮೂವತ್ತೈದು ವರ್ಷದಾಗೆ ಮನೆ ಮಿಕ್ಸಿ ಕಡೆ ತಿರುಗಿ ನೋಡಿದೋರಲ್ಲ, ಈಗ ಮಿಷಿನ್ನು ನೋಡ್ತಾರಂತೆ. ನಡೀರಿ, ನಾನೂ ಬರ್ತೀನಿ. ಒಂದು ತೊಟ್ಟು ಬಾಯಿಗೆ ಹೋದ್ರೆ, ಇವತ್ತಿಂದ ನಿಮ್ಮ ರೊಟ್ಟಿ ನೀವೇ ಬಡ್ಕಳ್ರಿ.

ಬೆದರಿಕೆ ಸಣ್ಣದಲ್ಲ. ಕೊಟ್ಟೂರಪ್ಪನವರಿಗೆ ನೀರು ಕಾಯಿಸಲೂ ಬಾರದು. ಒಳಗೆ ದೊಡ್ಡ ದೊಡ್ಡ ತೊಟ್ಟಿ, ತಾಮ್ರದ ಕೊಳವೆ, ಹಬೆ. ಅದೆಲ್ಲ ಮುಗಿದ ಮೇಲೆ ಮ್ಯಾನೇಜರು ತಟ್ಟೆಯಲ್ಲಿ ಪುಟ್ಟ ಪುಟ್ಟ ಗ್ಲಾಸುಗಳನ್ನು ತಂದರು. ಕೊಟ್ಟೂರಪ್ಪನವರ ಕೈ ಇನ್ನೂ ಅರ್ಧ ದಾರಿಯಲ್ಲಿತ್ತು.

ಅಕ್ಕನಾಗಮ್ಮ: ಇವ್ರಿಗೆ ಕೊಡಬ್ಯಾಡ್ರಿ ಸಾಹೇಬ್ರೇ. ಬಿಪಿ ಐತೆ.

ಕೊಟ್ಟೂರಪ್ಪ: ನನಗೆಲ್ಲೈತೆ ಬಿಪಿ?

ಅಕ್ಕನಾಗಮ್ಮ: ನೋಡ್ರಿ, ಹೆಂಗೆ ಕೂಗ್ತಾರೆ! ಇದೇ ಬಿಪಿ!

ಮ್ಯಾನೇಜರು ಪಾಪ, ಗ್ಲಾಸು ಹಿಂದಕ್ಕೆ ತೆಗೆದುಕೊಂಡರು. ಒಂದು ಹೋಯಿತು, ಇನ್ನೆರಡಿವೆ ಎಂದು ಕೊಟ್ಟೂರಪ್ಪನವರು ತಮ್ಮನ್ನೇ ಸಮಾಧಾನ ಮಾಡಿಕೊಂಡರು.

ಭಾನುವಳ್ಳಿ ರಸ್ತೆಯಲ್ಲಿ ಕಾಲುವೆ ಪಕ್ಕ ವ್ಯಾನು ನಿಲ್ಲಿಸಿ ಎಲ್ಲರೂ ಅಕ್ಕನಾಗಮ್ಮನ ರೊಟ್ಟಿ, ಶೇಂಗಾ ಚಟ್ನಿ ಹೊಡೆದರು. ಜೊತೆಗಿದ್ದ ನಿವೃತ್ತ ಮೇಷ್ಟ್ರು ರಾಮಚಂದ್ರಪ್ಪನವರು ಡಿಸ್ಟಿಲರಿಯಲ್ಲಿ ಎರಡು ಗ್ಲಾಸು ಮುಗಿಸಿದ್ದರು, ಒಂದು ತಮ್ಮದು, ಇನ್ನೊಂದು ಕೊಟ್ಟೂರಪ್ಪನವರದು. ಹಾಗಾಗಿ ಅವರು ಚಟ್ನಿಯನ್ನು ಎರಡು ಸಲ ಹೊಗಳಿದರು.

ಬಿಯರ್ ಕಾರ್ಖಾನೆಯಲ್ಲಿ ಅಕ್ಕನಾಗಮ್ಮ ಬಾಗಿಲಲ್ಲೇ ಅಲ್ಲಿನ ಸಾಹೇಬರನ್ನು ಹಿಡಿದರು.

ಅಕ್ಕನಾಗಮ್ಮ: ಸಾಹೇಬ್ರೇ, ನಮ್ಮನೆಯೋರ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ. ಬಿಪಿ, ಸಕ್ಕರೆ ಎರಡೂ ಐತೆ. ಹೋದ ತಿಂಗಳು ಹೊಟ್ಟೆ ಆಪ್ರೇಷನ್ ಆಗೇತೆ.

ಸಾಹೇಬರು: ಅಯ್ಯೋ! ಮತ್ತೆ ಯಾಕಮ್ಮ ಕರ್ಕೊಂಡು ಬಂದ್ರಿ ಇಂಥೋರನ್ನ?

ಅಕ್ಕನಾಗಮ್ಮ: ಕೊನೇ ಆಸೆ ಅಂದ್ರು.

ಮಾತು ಬಾಯಿಂದ ಜಾರಿದ ಮೇಲೆ ಅದು ಸ್ವಲ್ಪ ಜಾಸ್ತಿಯಾಯಿತೆಂದು ಆಕೆಗೂ ಅನ್ನಿಸಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ. ಸಾಹೇಬರು ಓಡಿಬಂದು ಕೊಟ್ಟೂರಪ್ಪನವರ ರಟ್ಟೆ ಹಿಡಿದರು.

ಸಾಹೇಬರು: ಯಜಮಾನ್ರೇ, ನಿಂತ್ಕೋಬೇಡಿ. ಕುರ್ಚಿ ತನ್ರೋ!

ಕೊಟ್ಟೂರಪ್ಪ: ನಾನು ಆರಾಮಿದೀನಿ ಸ್ವಾಮಿ.

ಸಾಹೇಬರು: ಎಲ್ಲರೂ ಹಾಗೇ ಅಂತಾರೆ. ಧೈರ್ಯ ಮೆಚ್ಚಬೇಕು ನಿಮ್ಮದು. ಗ್ಲುಕೋಸ್ ನೀರು ಕೊಡ್ರೋ!

ಗ್ಲುಕೋಸ್ ನೀರು ಬಂತು, ಬಿಯರ್ ಕುಡಿಯುವ ದಪ್ಪ ಹಿಡಿಯ ಮಗ್ಗಿನಲ್ಲಿ. ಆಚೆ ಈಚೆ ಎಲ್ಲರ ಮಗ್ಗಿನಲ್ಲೂ ಬಿಳಿ ನೊರೆ ಉಕ್ಕುತ್ತಿತ್ತು. ರಾಮಚಂದ್ರಪ್ಪನವರ ಮೀಸೆಗೆಲ್ಲ ನೊರೆ. ಕೊಟ್ಟೂರಪ್ಪನವರು ಕುರ್ಚಿಯಲ್ಲಿ ಕೂತು, ನೊರೆಯಿಲ್ಲದ ಮಗ್ಗು ಹಿಡಿದು, ಸಾಯುತ್ತಿರುವವರ ಹಾಗೆ ಎಲ್ಲರ ಕನಿಕರ ಪಡೆದರು. ಅವರಿಗೆ ನಿಜಕ್ಕೂ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅಕ್ಕನಾಗಮ್ಮ: ಸಾಹೇಬ್ರೇ, ಈ ಕ್ಯಾನಿಗೆ ಒಂದೀಟು ಬಾರ್ಲಿ ನೀರು ಹಾಕ್ಕೊಡ್ರಿ. ಏನೂ ಬೆರಸದಿರೋದು. ಬಸುರಿಗೆ.

ಸಾಹೇಬರು: ಅದಕ್ಕೆ ಅಂಗಡೀಲಿ ಸಿಗೋ ಬಾರ್ಲೀನೇ ಕುದಿಸಿ ಕೊಡಿ ತಾಯಿ! ಇಲ್ಲಿಂದ ಹನಿ ಕೂಡ ಬೇಡ!

ಕೊಟ್ಟೂರಪ್ಪ: ನೋಡು, ಸಾಯೋನಿಗೂ ಇಲ್ಲ, ಹುಟ್ಟೋನಿಗೂ ಇಲ್ಲ. ನಡಿ ಹೋಗಾಣ.

ವ್ಯಾನಿನಲ್ಲಿ ಅವರು ಹೆಂಡತಿಯೊಂದಿಗೆ ಮಾತು ಬಿಟ್ಟರು. ಡ್ರೈವರ್ ಬಡೇಸಾಬ್ ಕನ್ನಡಿಯಲ್ಲಿ ನೋಡಿ, 'ಸಾವ್ಕಾರ್ರೇ, ನಾನೂ ಹುಟ್ಟಿದಾಗ್ನಿಂದ ಮುಟ್ಟಿಲ್ಲ. ಏನಾತು ಈಗ? ಆರಾಮಿಲ್ವಾ?' ಎಂದು ಸಮಾಧಾನ ಹೇಳಿದ. ಕೊಟ್ಟೂರಪ್ಪನವರು ಅವನೊಂದಿಗೂ ಮಾತು ಬಿಟ್ಟರು.

ಕೊಂಡಜ್ಜಿ ಕೆರೆ ದಾಟಿ ಸ್ವಲ್ಪ ದೂರಕ್ಕೆ ಕೊನೆಯ ತಾಣ, ವೈನು ಮಾಡುವ ಗುತ್ತೆಪ್ಪನ ದ್ರಾಕ್ಷಿ ತೋಟ. ನಾಲ್ಕು ಗಂಟೆಯ ಬಿಸಿಲು ಚಪ್ಪರದ ಸಂದಿಯಿಂದ ಇಳಿಯುತ್ತಿತ್ತು. ಇಲ್ಲಿ ಸಾಹೇಬರಿಲ್ಲ, ಮ್ಯಾನೇಜರಿಲ್ಲ. ಗುತ್ತೆಪ್ಪನೇ ಬರಿಗಾಲಲ್ಲಿ ಬಂದು ಕಟ್ಟೆಯ ಮೇಲೆ ಜಮಖಾನ ಹಾಸಿದ. ಅಕ್ಕನಾಗಮ್ಮ ಗೊಂಚಲು ಕಂಡದ್ದೇ ಗಂಡನ ಕಾವಲು ಮರೆತು ತೋಟದೊಳಕ್ಕೆ ನಡೆದರು. ಗುತ್ತೆಪ್ಪ ಸ್ಟೀಲ್ ಲೋಟದಲ್ಲಿ ಕಡುಗೆಂಪು ವೈನು ಸುರಿದು ಮೊದಲು ಹಿರಿಯರಿಗೆಂದು ಕೊಟ್ಟೂರಪ್ಪನವರ ಕೈಗಿತ್ತ.

ಲೋಟ ಕೈಯಲ್ಲಿತ್ತು. ಹೆಂಡತಿ ಮೂರು ಸಾಲು ಆಚೆ. ಎತ್ತಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆದರೆ ಮದುವೆಯಾದ ಮೂವತ್ತೈದು ವರ್ಷದಿಂದ ನೀರಿನ ಲೋಟವಿರಲಿ, ಚಹಾದ ಬಟ್ಟಲಿರಲಿ, ಎದೆಯ ಮೇಲಿನ ಲಿಂಗಕ್ಕೆ ಅರ್ಪಿಸದೆ ಅವರು ಏನನ್ನೂ ಬಾಯಿಗೆ ಹಾಕಿದ್ದಿಲ್ಲ. ಕೈ ತಾನಾಗಿ ಎದೆಗೆ ಹೋಯಿತು. ಕಣ್ಣು ತಾನಾಗಿ ಮುಚ್ಚಿತು. ಬಾಯಿ ತಾನಾಗಿ ಗಟ್ಟಿಯಾಗಿ 'ಶಿವಾರ್ಪಣ' ಎಂದಿತು.

ಕಣ್ಣು ಬಿಟ್ಟಾಗ ಎದುರಿಗೆ ಅಕ್ಕನಾಗಮ್ಮ ನಿಂತಿದ್ದರು.

ಅಕ್ಕನಾಗಮ್ಮ: ಕೊಡ್ರಿ ಇಲ್ಲಿ!

ಲೋಟ ಕಿತ್ತುಕೊಂಡವರೇ ದ್ರಾಕ್ಷಿ ಬಳ್ಳಿಯ ಬುಡಕ್ಕೆ ಬಗ್ಗಿಸಹೋದರು.

ರಾಮಚಂದ್ರಪ್ಪ: ಅಮ್ಮಾರೇ! ನಿಲ್ರಿ! ಚೆಲ್ಲಬ್ಯಾಡ್ರಿ!

ಅಕ್ಕನಾಗಮ್ಮ: ಯಾಕ ಮೇಷ್ಟ್ರೇ? ಇದನ್ನೂ ನೀವೇ ಕುಡೀಬೇಕಾ?

ರಾಮಚಂದ್ರಪ್ಪ: ಅವ್ರು ಶಿವಾರ್ಪಣ ಅಂದ್ಬಿಟ್ರಲ್ರಿ. ಎಲ್ರೂ ಕೇಳೇವಿ. ಅದೀಗ ಪ್ರಸಾದ.

ಅಕ್ಕನಾಗಮ್ಮನ ಕೈ ಅಲ್ಲೇ ನಿಂತಿತು. ಊರಿಗೆಲ್ಲ ಗೊತ್ತಿದ್ದ ಸಂಗತಿ: ಆಕೆಯ ಮನೆಯಲ್ಲಿ ಪ್ರಸಾದದ ಒಂದು ಅಗುಳು ಕೆಳಗೆ ಬೀಳುವಂತಿಲ್ಲ. ಉಂಡ ತಟ್ಟೆಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯಬೇಕು. ಮಗಳ ಮದುವೆಯಲ್ಲಿ ಅಳಿಯನ ಕೈಲೂ ಮಾಡಿಸಿದ್ದರು.

ಅಕ್ಕನಾಗಮ್ಮ: ಇಂಥದ್ದಕ್ಕೂ ಅಂತಾರೇನ್ರಿ ಶಿವಾರ್ಪಣ? ತಲೆ ಇಲ್ವಾ ನಿಮ್ಗೆ?

ಕೊಟ್ಟೂರಪ್ಪ: ಬಾಯಿಗೆ ಬಂದ್ಬಿಡ್ತು. ನೀನೇ ಅಲ್ವಾ, ಅನ್ನದೆ ಮುಟ್ಟಿದ್ರೆ ಕೈ ಮೇಲೆ ಹೊಡೀತಿದ್ದೋಳು?

ಅಕ್ಕನಾಗಮ್ಮ: ಚೆಲ್ಲಿದ್ರೆ ಪಾಪ. ಕುಡುದ್ರೆ ಪಾಪ. ಎಂಥ ಪೇಚಿಗೆ ತಂದ್ರಿ!

ಕೊಟ್ಟೂರಪ್ಪ (ಬಹಳ ವಿನಯದಿಂದ): ಕೊಡು ಇತ್ಲಾಗೆ. ಆ ಪಾಪ ನನ್ನೊಬ್ಬನ ತಲೆ ಮ್ಯಾಲೇ ಇರ್ಲಿ. ನಿನಗ್ಯಾಕ ತೊಂದ್ರೆ?

ಅಕ್ಕನಾಗಮ್ಮ: ಆಹಾ! ಒಬ್ರೇ? ಪ್ರಸಾದ ಯಾವತ್ತಾದ್ರೂ ಒಬ್ರೇ ತಗಂತಾರೇನು? ಗುತ್ತೆಪ್ಪಾ, ಒಂದು ಚಮಚ ತಗಂಬಾ.

ಅಂಜನಕುಮಾರನಿಗೆ ಜೀವ ಬಂದಂತಾಯಿತು. ಇಡೀ ದಿನದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಇದೊಂದೇ.

ಅಂಜನಕುಮಾರ: ಸಾಲಾಗಿ ಬರ್ರಿ! ನೂಕಬ್ಯಾಡ್ರಿ! ಬಲಗೈ ಮುಂದೆ, ಎಡಗೈ ಕೆಳಗೆ! ತಗಂಡೋರು ಮುಂದೆ ನಡೀರಿ!

ಸಾಲು ನಿಂತಿತು. ಅಕ್ಕನಾಗಮ್ಮ ತುಟಿ ಬಿಗಿಹಿಡಿದು ಒಬ್ಬೊಬ್ಬರ ಅಂಗೈಗೂ ಒಂದೊಂದು ಚಮಚ ಬಿಟ್ಟರು. ರಾಮಚಂದ್ರಪ್ಪನವರು ಎರಡನೇ ಸಲ ಸಾಲಿನಲ್ಲಿ ಬಂದು ಸಿಕ್ಕಿಬಿದ್ದರು. ಬಡೇಸಾಬ್ 'ಗಾಡಿ ಹೊಡೀಬೇಕಮ್ಮಾ' ಎಂದು ದೂರದಿಂದಲೇ ಕೈಮುಗಿದ. ಗುತ್ತೆಪ್ಪ ತನ್ನ ತೋಟದ ವೈನನ್ನು ತಾನೇ ಕಣ್ಣಿಗೊತ್ತಿಕೊಂಡ. ಎಲ್ಲರದೂ ಮುಗಿದು ಕೊಟ್ಟೂರಪ್ಪನವರ ಅಂಗೈಗೆ ಬಿದ್ದಿದ್ದು ಅರ್ಧ ಚಮಚ.

ಕೊಟ್ಟೂರಪ್ಪ: ಇಷ್ಟೇನಾ?

ಅಕ್ಕನಾಗಮ್ಮ: ಅಷ್ಟೇ. ಭಕ್ತಿ ಇರಬೇಕು, ಅಳತೆ ನೋಡಬಾರ್ದು.

ಅರ್ಧ ಚಮಚದಲ್ಲಿ ಮುಕ್ಕಾಲು ಭಾಗ ಅಂಗೈ ಗೆರೆಗಳೇ ಕುಡಿದವು. ನಾಲಿಗೆಗೆ ತಾಗಿದ್ದು ಸ್ವಲ್ಪ ಹುಳಿ, ಸ್ವಲ್ಪ ಒಗರು, ಆಮೇಲೆ ಏನೋ ಒಂದು, ಅದು ಏನೆಂದು ಗೊತ್ತಾಗುವಷ್ಟರಲ್ಲಿ ಹೋಗೇಬಿಟ್ಟಿತು. ಐವತ್ತೆಂಟು ವರ್ಷ ಕಾದದ್ದು ಇದಕ್ಕೇನಾ ಎಂದು ಅವರು ಮಂಕಾಗಿ ಕಟ್ಟೆಯ ಮೇಲೆ ಕೂತರು.

ಅಕ್ಕನಾಗಮ್ಮ ಲೋಟದ ತಳ ನೋಡಿದರು. ಚಮಚಕ್ಕೆ ಸಿಗದ ಒಂದಿಷ್ಟು ಇನ್ನೂ ಉಳಿದಿತ್ತು. ಬಿಡುವಂತಿಲ್ಲವಲ್ಲ. ಮೂಗು ಮುಚ್ಚಿಕೊಂಡರು, ಶಿವನನ್ನು ನೆನೆದರು, ಗಟಕ್ಕನೆ ಕುಡಿದರು. ನೀರು ಹಾಕಿ ಲೋಟ ಅಲುಗಿಸಿ ಅದನ್ನೂ ಕುಡಿದರು. ಆಮೇಲೆ ಮೂಗಿನಿಂದ ಕೈ ತೆಗೆದು ನಾಲಿಗೆಯಿಂದ ತುಟಿ ಸವರಿಕೊಂಡರು. ಸ್ವಲ್ಪ ಹೊತ್ತಿಗೆ ಗಂಡನ ಪಕ್ಕಕ್ಕೆ ಬಂದು ಕೂತರು.

ಅಂಜನಕುಮಾರ: ಹೊರಡಾಣ್ರಿ! ಎಲ್ರೂ ಗಾಡಿ ಹತ್ರಿ!

ಅಕ್ಕನಾಗಮ್ಮ: ತಡಿ ತಮ್ಮಾ, ಏನವಸರ ನಿಂದು? ಅವ್ರನ್ನೆಲ್ಲ ಕರ್ಕಂಡು ಹೋಗಿ ಕೂರಿಸು, ಬರ್ತೀವಿ... ಏನ್ರೀ.

ಕೊಟ್ಟೂರಪ್ಪ: ಏನು?

ಅಕ್ಕನಾಗಮ್ಮ: ನಿಮ್ಗೆ ಅರ್ಧ ಚಮಚಾನೇ ಬಂತು, ಪಾಪ.

ಕೊಟ್ಟೂರಪ್ಪ: ಈಗ್ಯಾಕ ಆ ಮಾತು? ಬಿಡು.

ಅಕ್ಕನಾಗಮ್ಮ: ಅಲ್ರಿ, ಯಜಮಾನ್ರಿಗೆ ಕಮ್ಮಿ ಆಗಬಾರ್ದು ಅಂತ. ಗುತ್ತೆಪ್ಪಾ, ಇನ್ನೊಂದು ಲೋಟ ತುಂಬಿಸ್ಕಂಡು ಬಾ.

ಕೊಟ್ಟೂರಪ್ಪನವರು ಹೆಂಡತಿಯ ಮುಖವನ್ನು ಮದುವೆಯ ದಿನ ನೋಡಿದಷ್ಟೇ ಬೆರಗಿನಿಂದ ನೋಡಿದರು. ಲೋಟ ಬಂತು. ಈ ಸಲ ತಡಮಾಡಬಾರದೆಂದು ಅವರು ನೇರ ಬಾಯಿಗೇ ಎತ್ತಿದರು. ಅಕ್ಕನಾಗಮ್ಮ ಕೈ ಮೇಲೆ ಪಟ್ಟನೆ ಹೊಡೆದರು.

ಅಕ್ಕನಾಗಮ್ಮ: ಮೊದ್ಲು ಶಿವಾರ್ಪಣ ಅನ್ರಿ! ವ್ಯಾನಿನೋರಿಗೆಲ್ಲ ಕೇಳಂಗೆ ಜೋರಾಗಿ ಅನ್ರಿ. ಇಲ್ದಿದ್ರೆ ನಾನು ಹೆಂಗೆ ಕುಡೀಲಿ?